‘ಚೆನ್ನಾಗಿದ್ದೀನಿ ಮಿಸ್’ ಅನ್ನುವ ಹುಡುಗಿಗೆ ಶಾಲೆ ಏನು ಮಾಡಬಹುದು?

ಕ್ಲಾಸ್ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ನನ್ನ ಕ್ಲಾಸಿನ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳ ಅಮ್ಮ ಎರಡು ತಿಂಗಳ ಹಿಂದೆ ತೀರಿಕೊಂಡರು. ಹೃದಯಾಘಾತ. ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. (ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಕೆಲವು ದಿನ ಬಿಟ್ಟು ಹುಡುಗಿ ಶಾಲೆಗೆ ಬಂದಳು. ಬಂದಾಗಿನಿಂದ ಮೊದಲಿನ ಹಾಗೇ ಇದ್ದಾಳೆ. ನಗುತ್ತಾಳೆ, ಹೋಂವರ್ಕ್ ತರುತ್ತಾಳೆ, ಗೆಳತಿಯರ ಜೊತೆ ಓಡಾಡುತ್ತಾಳೆ. ನಮ್ಮ ಕೌನ್ಸೆಲರ್ ಹತ್ತಿರ ಮೂರು ಸಲ ಕಳಿಸಿದೆ. ಮೂರು ಸಲವೂ ಕಿಟಕಿ ನೋಡುತ್ತಾ ಕೂತು ಎದ್ದು ಬಂದಳಂತೆ. ಏನು ಕೇಳಿದರೂ ‘ಚೆನ್ನಾಗಿದ್ದೀನಿ ಮಿಸ್’ ಅಷ್ಟೇ.

ಸ್ಟಾಫ್ ರೂಮಿನಲ್ಲಿ ಎರಡು ಮಾತು ಕೇಳುತ್ತಿದೆ. ‘ಗಟ್ಟಿ ಹುಡುಗಿ, ಬಿಟ್ಟುಬಿಡಿ’ ಅನ್ನುವವರು ಕೆಲವರು. ‘ಒಳಗೇ ಇಟ್ಟುಕೊಂಡರೆ ಒಂದಿನ ಕಟ್ಟೆ ಒಡೆಯುತ್ತೆ, ಹೇಗಾದರೂ ಮಾಡಿ ಅಳಿಸಿಬಿಡಿ’ ಅನ್ನುವವರು ಇನ್ನು ಕೆಲವರು.

ಹೋದ ವಾರ ವಿಜ್ಞಾನದ ಪೀರಿಯಡ್‌ನಲ್ಲಿ ಹೃದಯದ ಪಾಠ ಇತ್ತು. ಅವತ್ತು ಬಂದಿದ್ದವರು ಬದಲಿ ಟೀಚರ್. ಅವರಿಗೆ ವಿಷಯ ಗೊತ್ತಿರಲಿಲ್ಲ. ಹುಡುಗಿ ಎದ್ದು ಹೊರಗೆ ಹೋದಳು. ‘ಕೇಳದೆ ಎಲ್ಲಿಗೆ ಹೋಗ್ತೀಯಾ’ ಎಂದು ಎಲ್ಲರ ಮುಂದೆ ಗದರಿದರಂತೆ. ಆಮೇಲೆ ಅವಳು ಒಂದಿಡೀ ಪೀರಿಯಡ್ ಟಾಯ್ಲೆಟ್ಟಿನಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಳು. ಆ ಟೀಚರ್‌ಗೆ ಮೊದಲೇ ಹೇಳಬೇಕಿದ್ದವಳು ನಾನು. ಅದು ನನ್ನ ತಪ್ಪು, ಇನ್ನೂ ಮನಸ್ಸಿನಿಂದ ಹೋಗುತ್ತಿಲ್ಲ.

ನಾನು ಈಗ ಏನು ಮಾಡಲಿ? ಅವಳನ್ನು ಮಾತಾಡಿಸಲೇಬೇಕಾ, ಸುಮ್ನೆ ಬಿಡಬೇಕಾ?

ಶಾಲಾ ಕೌನ್ಸೆಲರ್

ಮೇಡಂ, ನಾನು ಬೇರೆ ಶಾಲೆಯ ಕೌನ್ಸೆಲರ್. ಮೊದಲು ಒಂದು ಮಾತು. ಮೂರು ಸಲ ಬಂದು ಸುಮ್ಮನೆ ಕೂತಳು ಅಂದರೆ ಮೂರು ಸಲ ಬಂದಳು ಅಂತ. ನನ್ನ ಕೋಣೆಯಲ್ಲಿ ಇಡೀ ಒಂದು ಟರ್ಮ್ ಬರೀ ಕಾಗದದ ಮೇಲೆ ಗೆರೆ ಎಳೆಯುತ್ತಾ ಕೂತ ಮಕ್ಕಳಿದ್ದಾರೆ. ಅದನ್ನು ಸೋಲು ಅಂದುಕೊಳ್ಳಬೇಡಿ.

ಈ ವಯಸ್ಸಿನ ಕಷ್ಟವೇ ಬೇರೆ. ಐದು ವರ್ಷದ ಮಗು ‘ಅಮ್ಮ ಯಾವಾಗ ಬರ್ತಾಳೆ’ ಎಂದು ಕೇಳಬಹುದು. ಹದಿನಾಲ್ಕರ ಹುಡುಗಿಗೆ ಸಾವು ಅಂದರೆ ಏನು ಅಂತ ದೊಡ್ಡವರಷ್ಟೇ ಗೊತ್ತು. ವಾಪಸ್ ಬರಲ್ಲ, ನಾಳೆ ಅಪ್ಪನಿಗೂ ಆಗಬಹುದು, ನನಗೂ ಆಗಬಹುದು. ಇದೆಲ್ಲ ತಲೆಯಲ್ಲಿ ಓಡುತ್ತಿರುತ್ತದೆ. ಆದರೆ ಅದೇ ವಯಸ್ಸಿಗೆ ಎಲ್ಲರ ಹಾಗೆ ಇರಬೇಕು ಅನ್ನುವ ಆಸೆಯೂ ಜಾಸ್ತಿ. ‘ಅಮ್ಮ ಇಲ್ಲದ ಹುಡುಗಿ’ ಎಂದು ಎಲ್ಲರೂ ತಿರುಗಿ ನೋಡುವುದು ಅವಳಿಗೆ ಬೇಡವೇ ಬೇಡ. ಮನೆಯಲ್ಲಿ ಎಲ್ಲಿ ನೋಡಿದರೂ ಅಮ್ಮ ಇಲ್ಲದ್ದೇ ಕಾಣುತ್ತದೆ. ಶಾಲೆಯ ಆರು ಗಂಟೆ ಮಾತ್ರ ಅವಳು ಬರೀ ಒಬ್ಬ ಹುಡುಗಿ. ನಾವು ಅಲ್ಲೂ ಹಿಂದೆ ಬಿದ್ದು ‘ಹೇಗಿದ್ದೀಯಾ’ ಎಂದು ಕೇಳುತ್ತಿದ್ದರೆ ಆ ಜಾಗವನ್ನೂ ಕಿತ್ತುಕೊಂಡ ಹಾಗೆ, ಅಲ್ವಾ?

ನಗುತ್ತಾಳೆ ಅಂದರೆ ನಾಟಕ ಅಂತಲೂ ಅಲ್ಲ, ಮರೆತಿದ್ದಾಳೆ ಅಂತಲೂ ಅಲ್ಲ. ಮಾರ್ಗರೆಟ್ ಸ್ಟ್ರೋಬ, ಹೆಂಕ್ ಸ್ಕಟ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1999ರಲ್ಲಿ ಇದನ್ನು ಚೆನ್ನಾಗಿ ವಿವರಿಸಿದರು. ದುಃಖದಲ್ಲಿರುವವರು ಉಯ್ಯಾಲೆಯ ಹಾಗೆ ಆಚೆ ಈಚೆ ತೂಗುತ್ತಾರೆ. ಸ್ವಲ್ಪ ಹೊತ್ತು ಕಳೆದುಕೊಂಡದ್ದರ ಕಡೆಗೆ, ಸ್ವಲ್ಪ ಹೊತ್ತು ಮುಂದಿನ ಬದುಕಿನ ಕಡೆಗೆ. ಎರಡೂ ಬೇಕು. ಹದಿಹರೆಯದ ಮಕ್ಕಳಲ್ಲಿ ಈ ತೂಗಾಟ ಇನ್ನೂ ಬೇಗ ಬೇಗ. ಬೆಳಿಗ್ಗೆ ಆಟ, ಮಧ್ಯಾಹ್ನ ಟಾಯ್ಲೆಟ್ಟಿನಲ್ಲಿ ಅಳು, ಸಂಜೆ ಮತ್ತೆ ಜೋಕು.

‘ಈಗ ಅವಳು ಯಾವ ಹಂತದಲ್ಲಿದ್ದಾಳೆ’ ಎಂದು ಟೀಚರ್‌ಗಳು ನನ್ನನ್ನು ಕೇಳುತ್ತಾರೆ. ನಂಬದಿರುವುದು, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವುದು ಎಂಬ ಆ ಐದು ಹಂತಗಳನ್ನು ಮನೋವೈದ್ಯೆ ಎಲಿಜಬೆತ್ ಕೂಬ್ಲರ್-ರಾಸ್ 1969ರಲ್ಲಿ ಬರೆದದ್ದು ಸಾಯುವ ಕಾಯಿಲೆ ಬಂದಿದ್ದ ರೋಗಿಗಳ ಜೊತೆ ಮಾತಾಡಿ. ಹಿಂದೆ ಉಳಿದ ಮಕ್ಕಳನ್ನು ನೋಡಿ ಅಲ್ಲ. ಇವಳಿಗೆ ಇನ್ನೂ ಸಿಟ್ಟು ಬಂದಿಲ್ಲ, ಆ ಹಂತ ಬಾಕಿ ಇದೆ ಎಂದು ಕಾಯುವುದು ಬೇಡ.

ಹಾಗಂತ ಬಿಟ್ಟುಬಿಡಿ ಅನ್ನುತ್ತಿಲ್ಲ. ಕೇಳುವ ಪ್ರಶ್ನೆ ಬದಲಿಸಿ ನೋಡಿ. ‘ಹೇಗನ್ನಿಸ್ತಿದೆ’ ಅನ್ನುವುದಕ್ಕೆ ಉತ್ತರ ಹೇಳಲು ದೊಡ್ಡವರಿಗೇ ಬರುವುದಿಲ್ಲ. ನಾನು ಕೇಳುವುದು ಇಷ್ಟು: ‘ಶಾಲೆಯಲ್ಲಿ ದಿನದ ಯಾವ ಹೊತ್ತು ಜಾಸ್ತಿ ಕಷ್ಟ?’ ಇದಕ್ಕೆ ಮಕ್ಕಳ ಹತ್ತಿರ ಉತ್ತರ ಇರುತ್ತದೆ. ಸಂಜೆ ಗೇಟಿನ ಹತ್ತಿರ ಬೇರೆಯವರ ಅಮ್ಮಂದಿರು ನಿಂತಿರುವಾಗ, ಅನ್ನುತ್ತಾರೆ. ಡೈರಿಗೆ ಸಹಿ ಹಾಕಿಸಿಕೊಂಡು ಬನ್ನಿ ಅಂದಾಗ, ಅನ್ನುತ್ತಾರೆ. ಅಂಥದ್ದನ್ನು ನಾವು ಸರಿ ಮಾಡಬಹುದು. ಅಮ್ಮನನ್ನು ವಾಪಸ್ ತರಲು ಆಗುವುದಿಲ್ಲ. ಸಹಿಯ ತಾಪತ್ರಯ ತಪ್ಪಿಸಬಹುದು.

ಎದುರುಬದುರು ಕೂರಿಸಬೇಡಿ. ಮೈದಾನದ ಸುತ್ತ ಜೊತೆಯಲ್ಲಿ ನಡೆಯಿರಿ. ಪಕ್ಕಪಕ್ಕ ನಡೆಯುವಾಗ ಕಣ್ಣಿಗೆ ಕಣ್ಣು ಕೊಡಬೇಕಾಗಿಲ್ಲ, ಮಾತು ತಾನಾಗಿ ಬರುತ್ತದೆ.

ಅವಳು ಎದ್ದು ಹೋಗಲು ಒಂದು ದಾರಿ ಮಾಡಿಕೊಡಿ. ನಮ್ಮಲ್ಲಿ ಒಂದು ಚಿಕ್ಕ ಕಾರ್ಡ್ ಇದೆ. ಮಗು ಅದನ್ನು ಮೇಜಿನ ಮೇಲಿಟ್ಟು ಹೊರಗೆ ಹೋಗಬಹುದು, ಕೇಳಬೇಕಾಗಿಲ್ಲ. ಆದರೆ ಎಲ್ಲಿಗೆ ಹೋಗುವುದು, ಅಲ್ಲಿ ಯಾರಿರುತ್ತಾರೆ, ಎಷ್ಟು ಹೊತ್ತು, ಇದನ್ನೆಲ್ಲ ಮೊದಲೇ ಅವಳ ಜೊತೆ ಕೂತು ಮಾತಾಡಿರಬೇಕು. ಆ ಕಾರ್ಡ್ ಬಗ್ಗೆ ಪ್ರತಿಯೊಬ್ಬ ಟೀಚರ್‌ಗೂ ಗೊತ್ತಿರಬೇಕು, ಬದಲಿಗೆ ಬರುವವರಿಗೂ. ಕಾರ್ಡ್ ಜೇಬಿನಲ್ಲಿದೆ ಅನ್ನುವ ಧೈರ್ಯಕ್ಕೇ ಎಷ್ಟೋ ಮಕ್ಕಳು ಕ್ಲಾಸಿನಲ್ಲಿ ಕೂತಿರುತ್ತಾರೆ, ಅದನ್ನು ತೆಗೆಯುವುದೇ ಇಲ್ಲ.

ಗಣಿತದ ಮೇಷ್ಟ್ರು

ಕೌನ್ಸೆಲರ್ ಮೇಡಂ ಹೇಳಿದ್ದರಲ್ಲಿ ಒಂದು, ಕೇಳದೆ ಎದ್ದು ಹೋಗಲು ಬಿಡುವುದು, ನನಗೆ ಪೂರ್ತಿ ಒಪ್ಪಿಗೆ ಇಲ್ಲ. ನನ್ನ ಕ್ಲಾಸಿನಲ್ಲಿ ಅಪ್ಪನನ್ನು ಕಳೆದುಕೊಂಡ ಹುಡುಗ ಇದ್ದ. ನಾವೆಲ್ಲ ಪಾಪ ಅಂದುಕೊಂಡು ಬಿಟ್ಟುಕೊಟ್ಟೆವು. ಹೋಂವರ್ಕ್ ಬೇಡ, ಟೆಸ್ಟ್ ಬೇಡ, ಕ್ಲಾಸಿನಿಂದ ಯಾವಾಗ ಬೇಕಾದರೂ ಹೋಗು. ಒಂದು ವರ್ಷ ಆಗುವಷ್ಟರಲ್ಲಿ ಅವನು ಪಾಠದಲ್ಲಿ ಎಷ್ಟು ಹಿಂದೆ ಬಿದ್ದಿದ್ದ ಅಂದರೆ ಎತ್ತಲು ನಮ್ಮ ಕೈಲಿ ಆಗಲಿಲ್ಲ. ಅಪ್ಪ ಹೋದ ಸಂಕಟದ ಮೇಲೆ ಫೇಲಾದ ಸಂಕಟ. ಅವನೇ ಒಮ್ಮೆ ಹೇಳಿದ, ‘ಸರ್, ನೀವೆಲ್ಲ ನನ್ನ ಕೈಬಿಟ್ಟಿರಿ ಅನ್ನಿಸ್ತು.’ ನಾವು ಕರುಣೆ ಅಂದುಕೊಂಡಿದ್ದೆವು. ಅವನಿಗೆ ಅದು ಹಾಗೆ ಕಂಡಿತ್ತು.

ಶಾಲಾ ಕೌನ್ಸೆಲರ್

ಸರ್, ನಿಮ್ಮ ಮಾತು ಸರಿ. ಆ ಹುಡುಗ ಹೇಳಿದ ಮಾತನ್ನು ನಾನು ಬರೆದಿಟ್ಟುಕೊಂಡೆ.

ಮಾಫಿ ಬೇರೆ, ಕಡಿಮೆ ಮಾಡುವುದು ಬೇರೆ. ಇಪ್ಪತ್ತು ಲೆಕ್ಕದ ಬದಲು ಐದು ಲೆಕ್ಕ ಮಾಡಲಿ. ಆದರೆ ಆ ಐದನ್ನು ಮಾಡಲೇಬೇಕು, ನೀವು ತಿದ್ದಲೇಬೇಕು. ‘ಯಾವಾಗ ಬೇಕಾದರೂ ಕೊಡು’ ಅನ್ನುವುದಕ್ಕಿಂತ ‘ಶುಕ್ರವಾರ ಆಗುತ್ತಾ, ಸೋಮವಾರ ಆಗುತ್ತಾ, ನೀನೇ ಹೇಳು’ ಅನ್ನುವುದು ಒಳ್ಳೆಯದು. ಬದುಕೇ ಕೈ ತಪ್ಪಿದ ಹಾಗಿರುವಾಗ ಇಷ್ಟನ್ನಾದರೂ ತಾನೇ ಆರಿಸುವುದು ಮಗುವಿಗೆ ಬೇಕು.

ಇದು ಸೋಮಾರಿತನ ಅಲ್ಲ ಅಂತ ಎಲ್ಲ ಟೀಚರ್‌ಗಳಿಗೂ ತಿಳಿದಿರಬೇಕು. ಈ ಮಕ್ಕಳಿಗೆ ನಿದ್ದೆ ಸರಿ ಇರುವುದಿಲ್ಲ. ಓದಿದ ಸಾಲನ್ನೇ ನಾಲ್ಕು ಸಲ ಓದುತ್ತಾರೆ. ಹೊಟ್ಟೆನೋವು, ತಲೆನೋವು ಅಂತ ಮೇಲಿಂದ ಮೇಲೆ ನರ್ಸ್ ಹತ್ತಿರ ಹೋಗುತ್ತಾರೆ, ಆ ನೋವು ನಿಜವಾದದ್ದೇ. ಕೆಲವರಿಗೆ, ಹುಡುಗರಲ್ಲಿ ಜಾಸ್ತಿ, ದುಃಖ ಸಿಟ್ಟಾಗಿ ಹೊರಗೆ ಬರುತ್ತದೆ. ಜಗಳಕ್ಕೆ ಶಿಕ್ಷೆ ಕೊಡಬೇಕಾದರೆ ಕೊಡೋಣ. ಆದರೆ ಅದೇ ದಿನ ಯಾರಾದರೂ ಪಕ್ಕದಲ್ಲಿ ಕೂರಬೇಕು.

ಆಗ ನನಗೆ ಹದಿನೈದು

ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ.

ನನಗೆ ಹದಿನೈದು ಇದ್ದಾಗ ಅಣ್ಣ ರಸ್ತೆ ಅಪಘಾತದಲ್ಲಿ ಹೋದ. ಬಂದವರೆಲ್ಲ ನನಗೆ ಹೇಳಿದ್ದು ಒಂದೇ ಮಾತು, ‘ಅಪ್ಪ ಅಮ್ಮನನ್ನು ಚೆನ್ನಾಗಿ ನೋಡಿಕೋ.’ ಶಾಲೆಯಲ್ಲೂ ಅದೇ, ‘ಅಮ್ಮ ಹೇಗಿದ್ದಾರೆ?’ ನಾನು ಹೇಗಿದ್ದೇನೆ ಎಂದು ಯಾರೂ ಕೇಳಲಿಲ್ಲ. ನನ್ನದು ಎರಡನೇ ದರ್ಜೆಯ ದುಃಖ ಎಂದು ನಾನೇ ನಂಬಿಬಿಟ್ಟೆ.

ನಮ್ಮ ಶಾಲೆಯಲ್ಲೂ ಕೌನ್ಸೆಲರ್ ಇದ್ದರು. ಅವರ ಕೋಣೆ ಸ್ಟಾಫ್ ರೂಮಿನ ಎದುರಿಗೆ, ಬಾಗಿಲಿಗೆ ಗಾಜು. ಯಾರು ಒಳಗೆ ಕೂತಿದ್ದಾರೆ ಎಂದು ಇಡೀ ಶಾಲೆಗೆ ಕಾಣುತ್ತಿತ್ತು. ಹೋಗಬೇಕು ಎಂದು ಬಾಗಿಲ ತನಕ ಹೋಗಿ ತಿರುಗಿ ಬಂದದ್ದು ಎಷ್ಟು ಸಲವೋ. ದಯವಿಟ್ಟು ಕೋಣೆ ಎಲ್ಲಿದೆ ಅನ್ನುವುದನ್ನು ನೋಡಿ. ಕ್ಲಾಸಿಗೆ ಬಂದು ಹೆಸರು ಕೂಗಿ ಕರೆಯಬೇಡಿ.

ನನ್ನನ್ನು ಉಳಿಸಿದ್ದು ಲೈಬ್ರರಿ ಮೇಡಂ. ಅವರು ಏನೂ ಕೇಳಲಿಲ್ಲ. ‘ಮಧ್ಯಾಹ್ನ ಬಂದು ಪುಸ್ತಕ ಜೋಡಿಸಿಕೊಡ್ತೀಯಾ’ ಅಂದರು. ಒಂದು ವರ್ಷ ಜೋಡಿಸಿದೆ. ಒಂದು ದಿನ ಅವರು ಅಣ್ಣನ ಹೆಸರು ಹಿಡಿದು ಹೇಳಿದರು, ಅವನು ವಾಪಸ್ ಕೊಡದ ಒಂದು ಪುಸ್ತಕ ಇನ್ನೂ ಅವರ ರಿಜಿಸ್ಟರಿನಲ್ಲಿದೆ ಅಂತ. ಅವನ ಹೆಸರನ್ನು ಶಾಲೆಯಲ್ಲಿ ಯಾರೋ ಹೇಳಿದ್ದನ್ನು ಕೇಳಿ ಎಷ್ಟೋ ತಿಂಗಳಾಗಿತ್ತು. ಅವತ್ತು ಅತ್ತೆ. ಮನೆಗೆ ಹೋಗಿ ಆ ಪುಸ್ತಕ ಹುಡುಕಿದೆ, ಸಿಕ್ಕಿತು. ಅವರು ತೆಗೆದುಕೊಳ್ಳಲಿಲ್ಲ, ನೀನೇ ಇಟ್ಟುಕೋ ಅಂದರು.

ಇನ್ನೊಂದು ಮಾತು. ಮೊದಲ ತಿಂಗಳು ಎಲ್ಲರೂ ಇದ್ದರು. ಆರು ತಿಂಗಳಿಗೆ ಎಲ್ಲರೂ ಮರೆತರು. ನನಗೆ ಎರಡನೇ ವರ್ಷವೇ ಜಾಸ್ತಿ ಕಷ್ಟವಾಯಿತು. ಟೀಚರ್‌ಗಳು ಬದಲಾಗಿದ್ದರು. ಹೊಸಬರಿಗೆ ನಾನು ಬರೀ ಓದದ ಹುಡುಗಿ.

ಶಾಲಾ ಕೌನ್ಸೆಲರ್

ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಆ ಲೈಬ್ರರಿ ಮೇಡಂಗೆ ಒಂದು ಡಿಗ್ರಿಯೂ ಬೇಕಿರಲಿಲ್ಲ ನೋಡಿ.

ಎರಡನೇ ವರ್ಷದ ಬಗ್ಗೆ ನೀವು ಹೇಳಿದ್ದು ನಿಮ್ಮೊಬ್ಬರ ಅನುಭವ ಅಲ್ಲ. ವಿಲಿಯಂ ವರ್ಡೆನ್ ಮತ್ತು ಫಿಲಿಸ್ ಸಿಲ್ವರ್‌ಮನ್ ಎಂಬ ಸಂಶೋಧಕರು ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡ 125 ಮಕ್ಕಳನ್ನು ಎರಡು ವರ್ಷ ಗಮನಿಸಿದ್ದರು. ಮೊದಲ ವರ್ಷ ಸರಿಯಾಗೇ ಕಂಡಿದ್ದ ಕೆಲವು ಮಕ್ಕಳಲ್ಲಿ ತೊಂದರೆ ಎದ್ದು ಕಂಡದ್ದು ಎರಡನೇ ವರ್ಷದಲ್ಲಿ. ನಮ್ಮ ಶಾಲೆಗಳ ಲೆಕ್ಕವೋ ಮೊದಲ ವಾರಕ್ಕೇ ಮುಗಿದಿರುತ್ತದೆ. ಒಂದು ಮೌನಾಚರಣೆ, ಎರಡು ಸೆಷನ್, ಫೈಲ್ ಮುಚ್ಚಿತು. ಇದು ನನಗೆ ನಿಜಕ್ಕೂ ಸಂಕಟ ತರುವ ವಿಷಯ.

ಅದಕ್ಕೇ ನಾನು ಪ್ರತಿ ಮಗುವಿಗೂ ಒಂದು ಕ್ಯಾಲೆಂಡರ್ ಇಡುತ್ತೇನೆ. ತೀರಿಕೊಂಡ ದಿನ, ಅವರ ಹುಟ್ಟುಹಬ್ಬ, ಮಗುವಿನ ಹುಟ್ಟುಹಬ್ಬ, ಪೋಷಕರ ಸಭೆ, ಅಮ್ಮಂದಿರ ದಿನ, ರಿಸಲ್ಟ್ ದಿನ. ಆ ವಾರ ನಾನೇ ಎದುರಾಗಿ ಎರಡು ಮಾತಾಡುತ್ತೇನೆ. ಮಗು ಮುಂದಿನ ಕ್ಲಾಸಿಗೆ ಹೋದಾಗ, ಮಗುವಿನ ಒಪ್ಪಿಗೆ ಕೇಳಿಕೊಂಡು, ಆ ಹಾಳೆಯೂ ಹೊಸ ಕ್ಲಾಸ್ ಟೀಚರ್ ಕೈಗೆ ಹೋಗುತ್ತದೆ.

ಲೆಕ್ಕಕ್ಕೇ ಬಾರದ ದುಃಖಗಳೂ ಇವೆ. ಅಣ್ಣ, ತಂಗಿ, ಸಾಕಿದ ಅಜ್ಜಿ, ಜೀವದ ಗೆಳೆಯ, ಮನೆಯವರಿಗೆ ಗೊತ್ತೇ ಇರದ ಪ್ರೀತಿ. ದುಃಖದ ಬಗ್ಗೆ ಅಧ್ಯಯನ ಮಾಡಿದ ಕೆನೆತ್ ಡೋಕಾ 1989ರಲ್ಲಿ ಇದನ್ನು ಹಕ್ಕಿಲ್ಲದ ದುಃಖ ಎಂಬ ಅರ್ಥದಲ್ಲಿ ಹೆಸರಿಸಿದರು. ಹದಿಹರೆಯದಲ್ಲಿ ಗೆಳೆಯನೇ ಲೋಕ. ಅವನು ಸತ್ತರೆ ‘ಫ್ರೆಂಡ್ ತಾನೇ’ ಅಂದುಬಿಡುತ್ತೇವೆ.

ಒಬ್ಬ ಅಪ್ಪ

ನಾನು ಇನ್ನೊಂದು ಕಡೆಯಿಂದ ಹೇಳುತ್ತೇನೆ. ಹೆಂಡತಿ ಹೋದಾಗ ಮಗನಿಗೆ ಹದಿನಾರು, ಮಗಳು ಚಿಕ್ಕವಳು. ಶಾಲೆಯಿಂದ ಕೌನ್ಸೆಲರ್ ಫೋನ್ ಮಾಡಿದಾಗ ನನಗೆ ಹೆದರಿಕೆ ಆಯಿತು. ನನ್ನ ಮಗನಿಗೆ ತಲೆ ಸರಿ ಇಲ್ಲ ಎಂದು ಎಲ್ಲೋ ಬರೆದಿಡುತ್ತಾರಾ, ಮನೆಯ ವಿಷಯ ಎಲ್ಲ ಅವರಿಗೆ ಹೇಳಿಬಿಡುತ್ತಾನಾ ಅಂತ.

ಅವರು ಮೊದಲು ನನ್ನನ್ನೇ ಕೂರಿಸಿಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದರು. ಅವನು ಹೇಳಿದ್ದು ಅವನದ್ದೇ, ನನಗೂ ಹೇಳುವುದಿಲ್ಲ. ಅವನ ಜೀವಕ್ಕೆ ಅಪಾಯ, ಬೇರೆಯವರಿಗೆ ಅಪಾಯ, ಅಥವಾ ಅವನಿಗೆ ಯಾರಾದರೂ ಹಿಂಸೆ ಕೊಡುತ್ತಿದ್ದರೆ ಮಾತ್ರ ಮುಚ್ಚಿಡುವುದಿಲ್ಲ. ಇದನ್ನು ಅವನಿಗೂ ಮೊದಲ ದಿನವೇ ಹೇಳುತ್ತೇನೆ ಅಂದರು. ಆಗ ಧೈರ್ಯ ಬಂತು.

ಆಮೇಲೆ ಅವರು ಕೇಳಿದ ಒಂದು ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ‘ನಿಮ್ಮ ಮಗ ಆಟ ಆಡಿ ಎಷ್ಟು ದಿನ ಆಯಿತು?’ ನೆಂಟರು ಅವನಿಗೆ ಹೇಳಿದ್ದರು, ‘ಇನ್ಮೇಲೆ ಮನೆಗೆ ನೀನೇ ದಿಕ್ಕು’ ಅಂತ. ನಾನೂ ಹೇಳಿದ್ದೆ, ಬೆನ್ನು ತಟ್ಟಿ. ಅವನು ಅದನ್ನು ಅಕ್ಷರಶಃ ಪಾಲಿಸುತ್ತಿದ್ದ. ತಂಗಿಗೆ ಜಡೆ ಹಾಕುತ್ತಿದ್ದ, ಅಡುಗೆ ಮಾಡುತ್ತಿದ್ದ, ಫುಟ್‌ಬಾಲ್ ಬಿಟ್ಟಿದ್ದ. ನಾನು ಹೆಮ್ಮೆ ಪಡುತ್ತಿದ್ದೆ. ಅವನು ನನ್ನ ಮುಂದೆ ಅಳದಿರಲು ಕಾರಣ, ನಾನು ಅವನ ಮುಂದೆ ಅಳದಿದ್ದದ್ದು. ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಿದ್ದೆವು.

ಅವತ್ತು ಮನೆಗೆ ಹೋಗಿ ಹೇಳಿದೆ, ‘ಜಡೆ ಹಾಕೋದು ನನಗೂ ಕಲಿಸು ಮಗನೇ.’ ಕಲಿಸಿದ. ಕಲಿಸುತ್ತಾ ಅತ್ತ.

ಕೌನ್ಸೆಲಿಂಗ್ ಓದುತ್ತಿರುವವಳು

ಅಂಕಲ್, ನಿಮ್ಮ ಮಾತು ಓದಿ ಗಂಟಲು ಕಟ್ಟಿತು.

ಕೌನ್ಸೆಲರ್ ಮೇಡಂ, ಒಂದು ಪ್ರಶ್ನೆ. ಯಾವುದು ಸಹಜ ದುಃಖ, ಯಾವುದಕ್ಕೆ ಡಾಕ್ಟರ ಹತ್ತಿರ ಕಳಿಸಬೇಕು ಅಂತ ಶಾಲೆಯಲ್ಲಿ ಹೇಗೆ ತಿಳಿಯುತ್ತೀರಿ? ಮತ್ತೆ, ಇಂಥ ಮಕ್ಕಳ ಗುಂಪು ಮಾಡುವುದರಿಂದ ಉಪಯೋಗ ಇದೆಯಾ?

ಶಾಲಾ ಕೌನ್ಸೆಲರ್

ಒಳ್ಳೆಯ ಪ್ರಶ್ನೆ. ಪುಸ್ತಕದ ಲೆಕ್ಕ ಹೀಗಿದೆ. ಅಮೆರಿಕದ ಮನೋವೈದ್ಯರು ಬಳಸುವ ಕೈಪಿಡಿಗೆ 2022ರಲ್ಲಿ ‘ದೀರ್ಘಕಾಲದ ದುಃಖದ ಕಾಯಿಲೆ’ ಸೇರಿತು. ದೊಡ್ಡವರಿಗೆ ಕನಿಷ್ಠ 12 ತಿಂಗಳು, ಮಕ್ಕಳಿಗೆ ಮತ್ತು ಹದಿಹರೆಯದವರಿಗೆ 6 ತಿಂಗಳು ಕಳೆದಿರಬೇಕು. ಆಗಲೂ ಹೆಚ್ಚುಕಡಿಮೆ ದಿನಾ ತಡೆಯಲಾಗದ ಹಂಬಲ, ಬದುಕು ನಡೆಸಲಾಗದ ಸ್ಥಿತಿ ಇರಬೇಕು. ಅಂದರೆ ಎರಡು ತಿಂಗಳಲ್ಲಿ ಅತ್ತರೆ ಕಾಯಿಲೆ ಅಲ್ಲ.

ಆದರೆ ಅಪಾಯದ ಗುರುತು ಕಂಡರೆ ಆರು ತಿಂಗಳಲ್ಲ, ಆರು ಗಂಟೆಯೂ ಕಾಯಬಾರದು. ತನ್ನ ಪ್ರೀತಿಯ ವಸ್ತು ಹಂಚಿಬಿಡುವುದು, ಮೈಮೇಲೆ ಗಾಯ, ಕುಡಿತ, ಎಲ್ಲರಿಂದ ದೂರವಾಗುವುದು, ‘ನಾನಿದ್ದು ಏನು ಪ್ರಯೋಜನ’ ಅನ್ನುವ ಮಾತು. ‘ಅಮ್ಮನ ಹತ್ತಿರ ಹೋಗಬೇಕು ಅನ್ನಿಸುತ್ತೆ’ ಎಂದು ಎಷ್ಟೋ ಮಕ್ಕಳು ಹೇಳುತ್ತಾರೆ. ಬಹಳ ಸಲ ಅದು ಬರೀ ಹಂಬಲ. ಆದರೆ ಊಹೆ ಮಾಡಬೇಡ, ಕೇಳು. ‘ಸಾಯಬೇಕು ಅನ್ನೋ ಯೋಚನೆ ಬರ್ತಿದೆಯಾ? ಹೇಗೆ ಅಂತ ಯೋಚಿಸಿದ್ದೀಯಾ?’ ಹೀಗೆ ನೇರವಾಗಿ ಕೇಳಿದರೆ ಆ ಯೋಚನೆ ಹೊಸದಾಗಿ ತಲೆಗೆ ಹೊಕ್ಕುವುದಿಲ್ಲ. ಇದನ್ನು ಅಧ್ಯಯನ ಮಾಡಿ ನೋಡಿದ್ದಾರೆ. ಹೌದು ಅಂದರೆ ಮಗುವನ್ನು ಒಂದು ನಿಮಿಷವೂ ಒಂಟಿಯಾಗಿ ಬಿಡಬಾರದು. ಅವತ್ತೇ ಮನೆಯವರಿಗೆ ಹೇಳಬೇಕು, ಅವತ್ತೇ ಮನೋವೈದ್ಯರ ಹತ್ತಿರ ಅಥವಾ ಆಸ್ಪತ್ರೆಗೆ.

ಸಾವನ್ನು ಕಣ್ಣಾರೆ ಕಂಡ ಮಕ್ಕಳನ್ನೂ ಬೇರೆಯಾಗಿ ಗಮನಿಸು. ಅವರಿಗೆ ನೆನಪು ಬಂದಾಗಲೆಲ್ಲ ಆ ಒಂದು ದೃಶ್ಯವೇ ಬರುತ್ತದೆ, ಅಪ್ಪನ ಮುಖ ಬರುವುದಿಲ್ಲ. ಅದಕ್ಕೆ ತರಬೇತಿ ಇರುವವರ ಚಿಕಿತ್ಸೆ ಬೇಕು. ಶಾಲೆಯಲ್ಲಿ ನಾವು ಕೆದಕಬಾರದು.

ಗುಂಪಿನ ಬಗ್ಗೆ. 1982ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಡಗ್ಗಿ ಸೆಂಟರ್ ಎಂಬುದು ಶುರುವಾಯಿತು. ದುಃಖದಲ್ಲಿರುವ ಮಕ್ಕಳು ತಮ್ಮಂಥವರ ಜೊತೆ ಕೂರುವ ಜಾಗ. ಮಿದುಳಿನ ಗೆಡ್ಡೆಯಿಂದ ತೀರಿಕೊಂಡ ಒಬ್ಬ ಹುಡುಗನ ಹೆಸರು ಅದಕ್ಕೆ. ಅಲ್ಲಿಂದ ಈ ಪದ್ಧತಿ ಎಷ್ಟೋ ಕಡೆ ಹರಡಿತು. ನಾನು ಆರೇಳು ಮಕ್ಕಳ ಗುಂಪು ಮಾಡುತ್ತೇನೆ. ಒಂದೇ ನಿಯಮ, ‘ಇವತ್ತು ನಾನು ಮಾತಾಡಲ್ಲ’ ಅನ್ನುವ ಹಕ್ಕು ಎಲ್ಲರಿಗೂ ಇದೆ. ಮೊದಲ ದಿನ ಮಕ್ಕಳು ಸುತ್ತ ನೋಡುತ್ತಾರಲ್ಲ, ‘ಓ, ನೀನೂನಾ’ ಅನ್ನುವ ಹಾಗೆ, ಆ ನೋಟ ಮಾಡುವ ಕೆಲಸ ನನ್ನ ಹತ್ತು ಸೆಷನ್ ಮಾಡುವುದಿಲ್ಲ.

ಗಣಿತದ ಮೇಷ್ಟ್ರು

ಒಂದು ಸಣ್ಣ ಸೇರ್ಪಡೆ. ಹಾಜರಿ ಪುಸ್ತಕದಲ್ಲಿ, ಫಾರಂಗಳಲ್ಲಿ, ಫೋನ್ ಪಟ್ಟಿಯಲ್ಲಿ ತೀರಿಕೊಂಡವರ ಹೆಸರು ಹಾಗೇ ಉಳಿದಿರುತ್ತದೆ. ನಮ್ಮ ಆಫೀಸಿನಿಂದ ಆ ಹುಡುಗನ ಮನೆಗೆ ತಿಂಗಳುಗಟ್ಟಲೆ ಅಪ್ಪನ ಹೆಸರಿಗೇ ಕಾಗದ ಹೋಗುತ್ತಿತ್ತು. ಮೇಡಂ, ಅದನ್ನು ಇವತ್ತೇ ತೆಗೆಸಿಬಿಡಿ.

ಕ್ಲಾಸ್ ಟೀಚರ್

ಮೂರು ವಾರ ಆಯಿತು. ಎಲ್ಲರಿಗೂ ಏನಾಯಿತು ಎಂದು ಹೇಳಬೇಕು ಅನ್ನಿಸಿತು.

ಮೊದಲು ಅವಳ ಹತ್ತಿರ ಕ್ಷಮೆ ಕೇಳಿದೆ, ಆ ಹೃದಯದ ಪಾಠದ ದಿನಕ್ಕೆ. ‘ಪರವಾಗಿಲ್ಲ ಮಿಸ್’ ಅಂದಳು. ಕಾರ್ಡ್ ಕೊಟ್ಟೆವು. ಎಲ್ಲಿಗೆ ಹೋಗುತ್ತೀಯಾ ಎಂದು ಕೇಳಿದಾಗ ಕೌನ್ಸೆಲರ್ ಕೋಣೆ ಬೇಡ, ಡ್ರಾಯಿಂಗ್ ರೂಮ್ ಅಂದಳು. ಡ್ರಾಯಿಂಗ್ ಸರ್ ಒಪ್ಪಿದರು. ಇಲ್ಲಿಯ ತನಕ ಎರಡೇ ಸಲ ಹೋಗಿದ್ದಾಳೆ.

ಮೇಷ್ಟ್ರು ಹೇಳಿದ ಫೋನ್ ಪಟ್ಟಿಯನ್ನು ನೋಡಿದೆ. ನಿಜ, ಶಾಲೆಯ ಮೆಸೇಜ್ ಎಲ್ಲ ಇನ್ನೂ ಅವಳ ಅಮ್ಮನ ನಂಬರಿಗೇ ಹೋಗುತ್ತಿತ್ತು. ತಕ್ಷಣ ತೆಗೆಸಲು ಆಫೀಸಿಗೆ ಹೊರಟೆ. ಅರ್ಧ ದಾರಿಯಲ್ಲಿ ನಿಂತೆ. ಅವಳನ್ನು ಕೇಳಿಲ್ಲವಲ್ಲ ಅನ್ನಿಸಿತು.

ಸಂಜೆ ಮೈದಾನದ ಸುತ್ತ ನಡೆಯುತ್ತಾ ಕೇಳಿದೆ. ತುಂಬಾ ಹೊತ್ತು ಮಾತಾಡಲಿಲ್ಲ. ಒಂದು ಸುತ್ತು ಮುಗಿದ ಮೇಲೆ ಹೇಳಿದಳು. ‘ಅಮ್ಮನ ಫೋನ್‌ಗೆ ನಾನು ದಿನಾ ಚಾರ್ಜ್ ಹಾಕ್ತೀನಿ ಮಿಸ್. ಬೇರೆ ಯಾರೂ ಮೆಸೇಜ್ ಮಾಡಲ್ಲ ಈಗ. ಶಾಲೆಯದ್ದು ಮಾತ್ರ ಬರುತ್ತೆ. ಅದು ಸೌಂಡ್ ಮಾಡುತ್ತಲ್ಲ, ಆಗ ಅಮ್ಮ ಅಲ್ಲೇ ಎಲ್ಲೋ ಇರೋ ಹಾಗಿರುತ್ತೆ. ತೆಗೀಬೇಡಿ.’

ನನಗೆ ಏನು ಹೇಳಬೇಕೋ ತೋಚಲಿಲ್ಲ. ಇನ್ನೊಂದು ಸುತ್ತು ನಡೆದೆವು. ಆ ಸುತ್ತಿನಲ್ಲಿ ಅಮ್ಮನ ಬಗ್ಗೆ ಹೇಳಿದಳು, ಅವರ ರಿಂಗ್‌ಟೋನ್ ಯಾವುದು, ಅವರು ಮೆಸೇಜ್‌ನಲ್ಲಿ ಎಷ್ಟು ತಪ್ಪು ಟೈಪ್ ಮಾಡುತ್ತಿದ್ದರು ಅಂತ. ನಗುತ್ತಲೇ ಹೇಳಿದಳು, ಕಣ್ಣಲ್ಲಿ ನೀರೂ ಇತ್ತು.

ಮರುದಿನ ಆಫೀಸಿಗೆ ಹೋಗಿ ಅಪ್ಪನ ನಂಬರ್ ಸೇರಿಸಿದೆ. ಅಮ್ಮನದ್ದು ಹಾಗೇ ಇರಲಿ ಅಂದೆ. ಗುಮಾಸ್ತರು ಯಾಕೆ ಎಂದು ಕೇಳಲಿಲ್ಲ.

ಕ್ಯಾಲೆಂಡರ್ ಕೂಡ ಮಾಡಿದ್ದೇವೆ, ಅವಳೇ ದಿನಗಳನ್ನು ಹೇಳಿದಳು. ಅಮ್ಮನ ಹುಟ್ಟುಹಬ್ಬ ಮುಂದಿನ ತಿಂಗಳು. ಅವತ್ತು ನಮ್ಮಲ್ಲಿ ಯೂನಿಟ್ ಟೆಸ್ಟ್ ಇದೆ. ಬೇರೆ ದಿನ ಬರೆಯುತ್ತಾಳೋ, ಅವತ್ತೇ ಎಲ್ಲರ ಜೊತೆ ಕೂರುತ್ತಾಳೋ, ಸೋಮವಾರ ಅವಳನ್ನು ಕೇಳುತ್ತೇನೆ.